ಕಲ್ಲುರಾಶಿಯಿಂದ ಮೂವತ್ತೊಂದು ಹೆಜ್ಜೆ

ನನ್ನ ಗಂಡ ನಾರ್ಬರ್ಟ್ ಸತ್ತ ಹನ್ನೊಂದನೇ ದಿನ ಬ್ಲಿಯಾ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ನನಗೊಂದು ಪ್ರಶ್ನೆ ಕೇಳಿದಳು. ನಾನು "ಇಲ್ಲ" ಅಂದೆ. ನಾನು ಮಾಡಿದ್ದು ಅಷ್ಟೇ. ಎಪ್ಪತ್ತು ವರ್ಷದ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಮಾಡಿದ ನೆನಪು ನನಗಿಲ್ಲ.

ಆ ದಿನಗಳಲ್ಲಿ ನಾನು ಎಲ್ಲದಕ್ಕೂ ಇಲ್ಲ ಅನ್ನುತ್ತಿದ್ದೆ. ಚರ್ಚಿನ ಹೆಂಗಸರು ಸರದಿ ಹಾಕಿಕೊಂಡು ಬರುತ್ತಿದ್ದರು. ಊಟ ಆಯ್ತಾ? ಇಲ್ಲ. ನಿದ್ದೆ ಬಂತಾ? ಇಲ್ಲ. ಏನಾದ್ರೂ ಬೇಕಿತ್ತಾ? ಇಲ್ಲ. ಆಲೂಗಡ್ಡೆ, ಹ್ಯಾಮು, ಚೀಸು ಹಾಕಿ ಬೇಯಿಸಿದ ತಟ್ಟೆಗಳನ್ನು ಅವರೇ ಫ್ರಿಜ್ಜಿನಲ್ಲಿ ಒಂದರ ಮೇಲೊಂದು ಇಟ್ಟು, ಹಿಂದಿನವು ಹಳಸಿದ್ದನ್ನು ಅವರೇ ಎಸೆದು ಹೋಗುತ್ತಿದ್ದರು. ನನಗೆ ದುಃಖ ಆಗುತ್ತಿತ್ತು ಅಂದುಕೊಳ್ಳಬೇಡಿ. ಹಲ್ಲು ಕೀಳುವ ಮುಂಚೆ ಡಾಕ್ಟರು ವಸಡಿಗೆ ಸೂಜಿ ಹಾಕುತ್ತಾರಲ್ಲ, ಆಮೇಲೆ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ನನ್ನ ಇಡೀ ಮೈ ಹಾಗಾಗಿತ್ತು. ಶವಪೆಟ್ಟಿಗೆ ಇಳಿಸುವಾಗಲೂ ಅಳಲಿಲ್ಲ. ಗಟ್ಟಿ ಹೆಂಗಸು ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ.

ಬ್ಲಿಯಾ ಔಷಧದ ಬೇರು ಬೆಳೆಯುವ ನಮ್ಮ ಜಿನ್ಸೆಂಗ್ ತೋಟದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವಳು. ದೂರದ ಬೆಟ್ಟನಾಡಿನಿಂದ ಯುದ್ಧಕ್ಕೆ ಹೆದರಿ ಇಲ್ಲಿಗೆ ಬಂದ ಹ್ಮಾಂಗ್ ಜನದವಳು, ಐವತ್ತರ ಹತ್ತಿರ ವಯಸ್ಸು, ನನ್ನ ಭುಜಕ್ಕೆ ಬರುತ್ತಾಳೆ. ಮೊದಲ ಹತ್ತು ವರ್ಷ ನನ್ನನ್ನು ಮಿಸೆಸ್ ಅಂದಳು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಆಂಟಿ ಅಂದಳು, ನಾರ್ಬರ್ಟನನ್ನು ಅಂಕಲ್ ಅಂದಳು. ಅವರಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕಳೆ ಕೀಳಲು, ಹಣ್ಣು ಬಿಡಿಸಲು, ಬೇರು ಅಗೆಯಲು ನಮ್ಮ ಮ್ಯಾರಥಾನ್ ಕೌಂಟಿಯಲ್ಲಿ ಅವಳಂಥ ಕೈ ಇನ್ನೊಂದಿಲ್ಲ. ಅವಳು ಅಗೆದ ಬೇರಿಗೆ ಒಂದು ಗೀರು ಬೀಳುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ನಾರ್ಬರ್ಟ್ ಅವಳಿಗೆ ಒಂದು ಹಿಡಿ ಬೀಜ ಕೊಟ್ಟಿದ್ದ. ಕೊಟ್ಟಿದ್ದು ಅಂಥಿಂಥ ಬೀಜವಲ್ಲ. ಹಾಂಗ್‌ಕಾಂಗಿನಿಂದ ವರ್ಷವರ್ಷ ಬರುವ ವ್ಯಾಪಾರಿಯೊಬ್ಬ ನಮ್ಮ ಬೇರುಗಳ ರಾಶಿಯ ಮುಂದೆ ನಿಂತು, ಒಂದನ್ನು ಎತ್ತಿ ಮುರಿದು, ಮುರಿದ ಸದ್ದು ಕೇಳಿ, ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ. ಮೊದಲು ಕಹಿ, ಆಮೇಲೆ ಗಂಟಲಲ್ಲಿ ಸಿಹಿ ಬರಬೇಕು. ಉದ್ದಕ್ಕೆ ಪೆನ್ಸಿಲಿನ ಹಾಗೆ ಬೆಳೆದದ್ದನ್ನು ಅವನು ಮುಟ್ಟುತ್ತಲೂ ಇರಲಿಲ್ಲ. ಗಿಡ್ಡಗೆ, ಗುಂಡಗೆ, ಮೈತುಂಬ ಸುಕ್ಕಿನ ಗೆರೆ ಇರುವ ಬೇರೇ ಅವನಿಗೆ ಬೇಕು. ಅಂಥ ಬೇರಿನ ಗಿಡಗಳ ಬೀಜ ಅದು. ಬ್ಲಿಯಾ ತನ್ನ ಮನೆಯ ಹಿಂದಿನ ಪಟ್ಟಿಯಲ್ಲಿ ಬಿತ್ತಿ, ಹಣ್ಣು ತೆಗೆದು, ಮರಳಲ್ಲಿ ಹೂತು, ಮತ್ತೆ ಬಿತ್ತಿ, ಹನ್ನೆರಡು ವರ್ಷದಲ್ಲಿ ಹಿಡಿ ಬೀಜವನ್ನು ಎರಡು ಪೆಟ್ಟಿಗೆ ಮಾಡಿದ್ದಳು. ಹೊಲ ಮಾತ್ರ ಇರಲಿಲ್ಲ. ಈ ವರ್ಷ ನಾರ್ಬರ್ಟ್ ನಮ್ಮ ಹಳ್ಳದ ಹೊಲ ಕೊಡುತ್ತೇನೆ ಅಂದ. ಅಂದ ಮೇಲೆ ಜುಲೈ ಕೊನೆಗೆ, ಜಗುಲಿಯ ಕುರ್ಚಿಯಲ್ಲಿ ಬೂಟು ಬಿಚ್ಚುತ್ತಾ, ಒಂದು ಬೂಟು ಬಿಚ್ಚಿ ಇನ್ನೊಂದು ಬಿಚ್ಚುವ ಮುಂಚೆ ಸತ್ತ.

ಅದಕ್ಕೇ ಅವಳು ಬಂದಿದ್ದು.

"ಆಂಟಿ, ಹಳ್ಳದ ಹೊಲದ ಕೆಳಗಿನ ಕಡೆ ಏನೋ ಒಂದಿದೆ, ಗಡಿ ನಾನೇ ಬಂದು ತೋರಿಸ್ತೀನಿ ಅಂದಿದ್ರು ಅಂಕಲ್. ತೋರಿಸೋಕೆ ಆಗ್ಲಿಲ್ಲ. ಅಲ್ಲಿ ಹಿಂದೆ ಯಾವತ್ತಾದ್ರೂ ಶಾಂಗ್ ಬೆಳೆದಿದ್ರಾ?"

ಶಾಂಗ್ ಅಂದರೆ ಜಿನ್ಸೆಂಗೇ. ನಮ್ಮ ಕಡೆ ಹಾಗೆ ಅನ್ನುವುದು.

"ಇಲ್ಲ" ಅಂದೆ.

"ಕೆಳಗೂ ಇಲ್ವಾ? ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಇಲ್ಲ ಅಂದ್ನಲ್ಲ."

ಅವಳು ತಲೆ ಬಗ್ಗಿಸಿ, ನನ್ನ ಕೈ ಮೇಲೆ ಒಂದು ಗಳಿಗೆ ಕೈ ಇಟ್ಟು, ಎದ್ದು ಹೋದಳು.

ಈ ಪ್ರಶ್ನೆಯ ತೂಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜಿನ್ಸೆಂಗ್ ಒಮ್ಮೆ ಬೆಳೆದ ನೆಲದಲ್ಲಿ ಇನ್ನೊಮ್ಮೆ ಬೆಳೆಯುವುದಿಲ್ಲ. ಐದು ವರ್ಷ ಬಿಟ್ಟರೂ ಇಲ್ಲ, ಐವತ್ತು ವರ್ಷ ಬಿಟ್ಟರೂ ಇಲ್ಲ. ಮೊಳಕೆ ಬರುತ್ತದೆ, ಮೊದಲ ಬೇಸಿಗೆಯಲ್ಲಿ ಮೂರೆಲೆ ಬಿಟ್ಟು ನಗುತ್ತದೆ. ಎರಡನೇ ವರ್ಷ ಬೇರಿಗೆ ತುಕ್ಕು ಹಿಡಿದು ಕರಗಿ ಹೋಗುತ್ತದೆ. ಯಾಕೆ ಅಂತ ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಹಾಗಾಗಿ ನಮ್ಮಲ್ಲಿ ಯಾರ ಮಗಳು ಯಾರ ಜೊತೆ ಓಡಿಹೋದಳು ಅನ್ನುವುದನ್ನಾದರೂ ಮರೆಯುತ್ತಾರೆ, ಯಾವ ಹೊಲದಲ್ಲಿ ಶಾಂಗ್ ಆಗಿತ್ತು ಅನ್ನುವುದನ್ನು ಮರೆಯುವುದಿಲ್ಲ. ಹೊಲ ಕೊಡುವವರನ್ನು ಮೊದಲು ಕೇಳುವ ಮಾತು ಅದೇ. ಅದಕ್ಕೆ ಸುಳ್ಳು ಹೇಳಿದವನ ಜೊತೆ ಯಾರೂ ಚರ್ಚಿನಲ್ಲಿ ಒಂದೇ ಬೆಂಚಿಗೆ ಕೂರುವುದಿಲ್ಲ.

ನಾನು ಬೇಕಂತ ಸುಳ್ಳು ಹೇಳಲಿಲ್ಲ. ಆ ಪ್ರಶ್ನೆ ಕಿವಿಗೆ ಬಿತ್ತು, ಬಾಯಿ ಅದರ ಪಾಡಿಗೆ ಇಲ್ಲ ಅಂದಿತು. ನಡುವೆ ನಾನು ಇರಲೇ ಇಲ್ಲ.

ನೆನಪಾಗಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅವತ್ತು ನಾರ್ಬರ್ಟನ ಕೆಲಸದ ಅಂಗಿಗಳನ್ನು ಮೊದಲ ಸಲ ಒಗೆದೆ. ಹಿತ್ತಲಲ್ಲಿ ತಂತಿಗೆ ಹಾಕುತ್ತಿದ್ದೆ. ಸೊಂಟಕ್ಕೆ ಆಪರೇಷನ್ ಆದ ಮೇಲೆ ಬಗ್ಗಿ ಎದ್ದಾಗ ಏನಾದರೂ ಹಿಡಿದುಕೊಳ್ಳಬೇಕು. ಕಂಬ ಹಿಡಿದೆ. ಅಂಗೈಗೆ ಒಂದು ಹಳೆಯ ಮೊಳೆ ತಾಗಿತು. ದೂರದಲ್ಲಿ, ಹಳ್ಳದ ಹೊಲದಲ್ಲಿ, ಬ್ಲಿಯಾಳ ಮನೆಯ ಹೆಂಗಸರು ಬಿತ್ತುವ ಕೈಗಾಡಿಯನ್ನು ಪಾತಿಯ ಮೇಲೆ ತಳ್ಳಿಕೊಂಡು ಹೋಗುತ್ತಿದ್ದರು. ಮೇಲಿನ ಪಾತಿಗಳಿಗೆ ಆಗಲೇ ಹುಲ್ಲು ಹೊದಿಸಿ ಆಗಿತ್ತು.

ಓ, ಅದಾ, ಅಂದುಕೊಂಡೆ.

ನಮ್ಮ ಮಾವ ತೋಟ ಅಗೆದು ಮುಗಿಸಿದ ಮೇಲೆ ಗಿಡಕ್ಕೆ ನೆರಳು ಮಾಡಲು ನೆಟ್ಟ ಕಂಬಗಳನ್ನೆಲ್ಲ ಕಿತ್ತು ಒಂದನ್ನು ಮಾತ್ರ ಬಿಡುತ್ತಿದ್ದರು, ಶಾಂಗ್ ಆದ ನೆಲ ಎಲ್ಲಿಗೆ ಮುಗಿಯುತ್ತದೋ ಅಲ್ಲಿ. ಮೊಮ್ಮಕ್ಕಳಿಗೆ ತಿಳಿಯಲಿ ಅಂತ. ಹಳ್ಳದ ಹೊಲದ ಕೆಳಗಿನ ತುಂಡಿನಲ್ಲೂ ಅಂಥದೊಂದು ಸೀಡರ್ ಕಂಬ ಇತ್ತು. ನಾನು ಮದುವೆಯಾಗಿ ಬಂದು ಐದಾರು ವರ್ಷವಾಗಿರಬೇಕು. ಅಕ್ಟೋಬರಿನಲ್ಲಿ ಬಟ್ಟೆ ತಂತಿಯ ಕಂಬ ಮುರಿದು, ಒಗೆದ ಹಾಸಿಗೆ ಬಟ್ಟೆಯೆಲ್ಲ ಕೆಸರಿಗೆ ಬಿತ್ತು. ನಾರ್ಬರ್ಟ್ ಬೇರು ಒಣಗಿಸುವ ಕೊಟ್ಟಿಗೆಯಲ್ಲೇ ಮಲಗಿ ಏಳುತ್ತಿದ್ದ ಕಾಲ ಅದು. ಮೂರು ವಾರ ಹೇಳಿದೆ. ಹೂಂ, ಮಾಡ್ತೀನಿ ಅಂದ. ನಾಲ್ಕನೇ ವಾರ ನಾನೇ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ, ಕಣ್ಣಿಗೆ ಬಿದ್ದ ಮೊದಲ ಕಂಬ ಕಿತ್ತು ತಂದು ಹಿತ್ತಲಲ್ಲಿ ನೆಟ್ಟೆ.

ಅವನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ತೋಳು ಹಿಡಿದು ಹೊಲಕ್ಕೆ ಕರೆದುಕೊಂಡು ಹೋದ. ಹಳ್ಳದ ಪಕ್ಕದ ಕಲ್ಲುರಾಶಿಯ ಹತ್ತಿರ ನಿಲ್ಲಿಸಿದ.

"ಕಿತ್ತೋಳು ನೀನು. ಅಳತೆ ನೀನೇ ಇಟ್ಕೋ. ಇಲ್ಲಿಂದ ಆ ಗುಂಡಿವರೆಗೆ ನಡಿ."

ನಡೆದೆ. ಮೈಯೆಲ್ಲ ಉರಿಯುತ್ತಿತ್ತು. ಮೂವತ್ತೊಂದು ಹೆಜ್ಜೆ.

"ಎಷ್ಟು?"

"ಮೂವತ್ತೊಂದು."

"ಮರೀಬೇಡ. ನಂದಲ್ಲ, ನಿನ್ ಹೆಜ್ಜೆ."

ನಲವತ್ತು ವರ್ಷ ಮರೆತಿರಲಿಲ್ಲ. ಹನ್ನೊಂದನೇ ದಿನ ಕೇಳಿದಾಗ ಮಾತ್ರ ಮರೆತಿದ್ದೆ.

ಇಷ್ಟೆಲ್ಲ ನೆನಪಾದ ಮೇಲೆ ನಾನು ಏನು ಮಾಡಿದೆ ಅಂತ ಹೇಳಲೇಬೇಕು. ಉಳಿದ ಎರಡು ಅಂಗಿ ತಂತಿಗೆ ಹಾಕಿದೆ. ಕ್ಲಿಪ್ ಸಿಕ್ಕಿಸಿದೆ. ಒಳಗೆ ಹೋಗಿ ಕಾಫಿ ಮಾಡಿಕೊಂಡು ಕೂತೆ. ಈಗಲೇ ಹೋಗಿ ಹೇಳಬೇಕು ಅನ್ನುವುದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಕಾಫಿ ಆರಿತು. ಮರುದಿನವೂ ಕಿಟಕಿಯಿಂದ ನೋಡಿದೆ. ಅವರು ಬಿತ್ತುತ್ತಾ ಕೆಳಗೆ ಕೆಳಗೆ ಬರುತ್ತಿದ್ದರು. ಹೋಗಿದ್ದರೆ ಎಂಟು ಪಾತಿಯಾದರೂ ಉಳಿಯುತ್ತಿತ್ತು. ಹೋಗಲಿಲ್ಲ. ಇದಕ್ಕೆ ಸಾವಿನ ನೆಪ ಹೇಳುವ ಮುಖ ನನಗಿಲ್ಲ.

ಮೂರನೇ ದಿನ ಬೆಳಿಗ್ಗೆ ಬ್ಲಿಯಾ ತಾನೇ ಬಂದಳು. ಉಗುರಿನ ಸಂದಿಯಲ್ಲಿ ಮಣ್ಣು, ಮುಖದಲ್ಲಿ ನಗು. ಒದ್ದೆ ಬಟ್ಟೆಯೊಂದನ್ನು ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಹತ್ತಿಪ್ಪತ್ತು ಬೀಜ, ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡವು, ಒಂದೊಂದೂ ಬಾಯಿ ಬಿಟ್ಟಿತ್ತು.

"ಮುಗೀತು ಆಂಟಿ. ಹಳ್ಳದ ಅಂಚಿನವರೆಗೆ ಬಿತ್ತಿದ್ವಿ. ಇವಿಷ್ಟು ಉಳೀತು. ಅಂಕಲ್ ಸಮಾಧಿ ಹತ್ರ ಮೇಪಲ್ ನೆರಳಿದ್ಯಲ್ಲ, ಅಲ್ಲಿ ಹಾಕೋಣ ಅಂತ ತಂದೆ."

ನಾನು ಬೀಜ ನೋಡಿದೆ.

"ಬ್ಲಿಯಾ, ಆ ಹೊಲದ ಕೆಳಗಡೆ ಶಾಂಗ್ ಆಗಿತ್ತು."

ಅವಳು ನಗುತ್ತಲೇ ಇದ್ದಳು, ಮಾತು ಅವಳನ್ನು ಇನ್ನೂ ಮುಟ್ಟಿರಲಿಲ್ಲ.

"ನಮ್ಮ ಮಾವ ಬೆಳೆದಿದ್ರು. ಗುರುತಿನ ಕಂಬ ನಾನೇ ಕಿತ್ತಿದ್ದು, ಹಿತ್ತಲಲ್ಲಿದೆ ನೋಡು. ನೀನು ಕೇಳಿದಾಗ ಇಲ್ಲ ಅಂದೆ. ಮೊನ್ನೆ ನೆನಪಾಯ್ತು, ಆಗ್ಲೂ ಬಂದು ಹೇಳ್ಲಿಲ್ಲ."

ಅವಳು ಕೂತಳು. ಕಿಟಕಿಯಿಂದ ಕಂಬವನ್ನು ನೋಡಿದಳು. ಅದರ ತಂತಿಯಲ್ಲಿ ನಾರ್ಬರ್ಟನ ಅಂಗಿಗಳು ಎರಡು ದಿನದಿಂದ ಹಾಗೇ ಇದ್ದವು. ಬೈಯುತ್ತಾಳೆ ಅಂದುಕೊಂಡೆ. ಬೈದರೆ ಒಳ್ಳೆಯದು ಅನ್ನಿಸಿತು. ಅವಳು ಬೀಜದ ಬಟ್ಟೆಯನ್ನು ಮೆಲ್ಲಗೆ ಮತ್ತೆ ಕಟ್ಟಿದಳು, ಬೀಜಕ್ಕೆ ಗಾಳಿ ತಾಗಿ ಒಣಗಬಾರದು ಅಂತ.

"ತಪ್ಪು ನಂದು. ಸಾವಿನ ಮನೇಲಿ ಹದಿಮೂರು ದಿನ ತುಂಬೋವರೆಗೂ ಯಾವ ಮಾತೂ ಕೇಳ್ಬಾರ್ದು ಆಂಟಿ. ಆಗ ಆಡಿದ ಮಾತು ನಿಲ್ಲಲ್ಲ. ನಮ್ಮಮ್ಮ ಬೇಡ ಅಂದಿದ್ಲು. ಇನ್ನೆರಡು ದಿನ ತಡೀಲಾರದೆ ಓಡಿ ಬಂದೆ."

"ನೀನು ಕೇಳಿದ್ದು ತಪ್ಪಲ್ಲ, ನಾನು..."

"ಮೊನ್ನೆ ನೆನಪಾಗಿ ಸುಮ್ನೆ ಕೂತ್ರಲ್ಲ, ಅದು ನಿಮ್ದು. ಅದನ್ನ ನೀವೇ ಇಟ್ಕೊಳ್ಳಿ." ಅವಳು ಎದ್ದಳು. "ಈಗ ಮತ್ತೆ ಕೇಳ್ತಿದೀನಿ. ಎಲ್ಲಿವರೆಗೆ ಆಗಿತ್ತು?"

"ಕಲ್ಲುರಾಶಿಯಿಂದ ಮೂವತ್ತೊಂದು ಹೆಜ್ಜೆ."

"ಯಾರ ಹೆಜ್ಜೆ?"

"ನಂದು."

ಹೊಲದಲ್ಲಿ ಅವಳ ಗಂಡ ಚೂ ಗುದ್ದಲಿ ಹಿಡಿದು ನಿಂತಿದ್ದ. ಅವಳ ತಾಯಿ ಹುಲ್ಲಿನ ಪಿಂಡಿಯ ಮೇಲೆ ಕೂತಿದ್ದಳು, ಎಂಬತ್ತು ದಾಟಿದ ಮುದುಕಿ, ತಲೆಗೆ ಕಪ್ಪು ವಸ್ತ್ರ. ಬ್ಲಿಯಾ ಅವರಿಗೆ ಅವರ ಭಾಷೆಯಲ್ಲಿ ಹೇಳಿದಳು. ಚೂ ಮುಖ ತಿರುಗಿಸಿಕೊಂಡ. ಮುದುಕಿ ನನ್ನನ್ನೇ ನೋಡಿದಳು. ನಾನು ಕಲ್ಲುರಾಶಿಗೆ ಬೆನ್ನು ಕೊಟ್ಟು, ಪಾತಿಗಳ ಪಕ್ಕದ ಕಾಲುದಾರಿಯಲ್ಲಿ ಮೇಲಕ್ಕೆ ನಡೆದೆ. ಮೂವತ್ತೊಂದಕ್ಕೆ ಕೆಳಗಿನಿಂದ ಏಳನೇ ಪಾತಿಯ ಹತ್ತಿರ ನಿಂತೆ. ಚೂ ಅಲ್ಲಿ ಅಗೆದ. ಕಂಬ ನೆಡುವಾಗ ಗುಂಡಿಯ ಸುತ್ತ ಕಲ್ಲು ಜಡಿಯುವುದು ಮಾವನ ಪದ್ಧತಿ. ಕಲ್ಲಿರಲಿಲ್ಲ. ಆಚೆ ಈಚೆ ಅಗೆದ. ಬರೀ ಮಣ್ಣು.

ಮುದುಕಿ ಏನೋ ಅಂದಳು.

"ಏನಂತೆ?"

"ಕಾಲು ಎಳ್ಕೊಂಡು ನಡೀತಿದಾಳೆ ಇವ್ಳು, ಹಾಗೇ ನಡೆದಿದ್ಲಾ ಅವತ್ತು, ಅಂತಾಳೆ."

ಇಲ್ಲ. ಅವತ್ತು ನನಗೆ ಮೂವತ್ತು ತುಂಬಿರಲಿಲ್ಲ. ಸೊಂಟದಲ್ಲಿ ಕಬ್ಬಿಣ ಇರಲಿಲ್ಲ.

"ಅವತ್ತು ಸಿಟ್ಟಲ್ಲಿ ನಡೆದಿದ್ದೆ" ಅಂದೆ.

"ಹಾಗಾದ್ರೆ ಸಿಟ್ಟಲ್ಲಿ ನಡೀರಿ."

"ಬರ್ತಿಲ್ಲ ಬ್ಲಿಯಾ. ಎರಡು ತಿಂಗಳಿಂದ ಏನೂ ಬರ್ತಿಲ್ಲ ನಂಗೆ."

ಅವಳು ನನ್ನನ್ನು ತಿರುಗಿ ಕಲ್ಲುರಾಶಿಯವರೆಗೆ ಕರೆದುಕೊಂಡು ಹೋದಳು. ಅಲ್ಲಿ ನಿಂತು, ಎದುರಿಗೆ ನೋಡುತ್ತಾ, ಮೆಲ್ಲಗೆ ಅಂದಳು.

"ಗಡಿ ತೋರಿಸ್ತೀನಿ ಅಂತ ಅಂಕಲ್ ಮೂರು ಸಲ ಅಂದ್ರು. ಮಾರ್ಚಲ್ಲಿ, ಮೇನಲ್ಲಿ, ಜುಲೈನಲ್ಲಿ. ನಾಳೆ ಬರ್ತೀನಿ, ನಾಳೆ ಬರ್ತೀನಿ. ನಂಗೂ ತೋರಿಸ್ಲಿಲ್ಲ, ನಿಮ್ಗೂ ಒಂದ್ ಮಾತು ಹೇಳ್ಲಿಲ್ಲ. ಬೂಟು ಕೂಡ ಪೂರ್ತಿ ಬಿಚ್ದೆ ಹೋದ್ರು."

ಹೂಂ, ಮಾಡ್ತೀನಿ. ಅದೇ ಮಾತು. ಬಟ್ಟೆ ಕಂಬಕ್ಕೂ ಅದೇ ಮಾತು, ಎದೆ ನೋವು ಅಂದಾಗ ಆಸ್ಪತ್ರೆಗೆ ಹೋಗು ಮಾರಾಯ ಅಂದರೆ ಅದಕ್ಕೂ ಅದೇ ಮಾತು. ಹೂಂ, ಹೋಗ್ತೀನಿ. ಹೋದ. ಆ ಎಡಗಾಲಿನ ಬೂಟನ್ನು ಬಿಚ್ಚಿದವಳು ನಾನು. ಲೇಸು ಗಂಟಾಗಿತ್ತು, ಬಿಡಿಸಲು ಆಗದೆ ಕತ್ತರಿಸಿದೆ. ನನ್ನನ್ನು ಬಿಟ್ಟು ಹೋದ ಅವನ ಮೇಲೆ ನನಗೆ ಎಷ್ಟು ಸಿಟ್ಟಿತ್ತು ಅಂತ ನನಗೇ ಗೊತ್ತಿರಲಿಲ್ಲ.

ನಡೆದೆ. ಸೊಂಟ ಹರಿದು ಬರುವ ಹಾಗೆ ನೋಯಿತು, ನೋಯಲಿ ಅಂತ ನಡೆದೆ. ಒಂದೊಂದು ಹೆಜ್ಜೆಗೂ ಅವನಿಗೆ ಒಂದೊಂದು ಬೈಗುಳ. ಇಪ್ಪತ್ತರ ಮೇಲೆ ಬಾಯಿ ಬಿಟ್ಟೇ ಬೈದೆ ಅಂತ ಬ್ಲಿಯಾ ಆಮೇಲೆ ಹೇಳಿದಳು. ಮೂವತ್ತೊಂದಕ್ಕೆ ಹನ್ನೊಂದನೇ ಪಾತಿ.

ಚೂ ಅಗೆದ. ಮೂರನೇ ಏಟಿಗೆ ಗುದ್ದಲಿ ಕಲ್ಲಿಗೆ ತಾಗಿತು. ಸುತ್ತ ಬಿಡಿಸಿದ. ಮುಷ್ಟಿಗಾತ್ರದ ಕಲ್ಲುಗಳು ದುಂಡಗೆ ಕೂತಿದ್ದವು. ನಡುವೆ ಕಂಬದ ಬುಡದ ಪುಡಿ, ಸೀಡರಿನ ಕೆಂಪು ಬಣ್ಣ ಹಾಗೇ ಇತ್ತು.

"ಹನ್ನೊಂದು ಪಾತಿ" ಅಂದಳು ಬ್ಲಿಯಾ. ಬಿತ್ತಿದ್ದರಲ್ಲಿ ಅರ್ಧಕ್ಕೆ ಅರ್ಧ.

ಬಿತ್ತಿದ ಬೀಜವನ್ನು ಮಣ್ಣಿನಿಂದ ಮತ್ತೆ ಹೆಕ್ಕಿದವರನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ, ಕೇಳಿರಲಿಲ್ಲ. ಅವತ್ತು ಮಧ್ಯಾಹ್ನ ಅವಳ ಬಳಗದ ಹನ್ನೆರಡು ಜನ ಜರಡಿ ಹಿಡಿದು ಬಂದರು. ಹುಲ್ಲು ಸರಿಸಿ, ಮೇಲಿನ ಒಂದಂಗುಲ ಮಣ್ಣನ್ನು ಕೆರೆದು, ಜರಡಿ ಹಿಡಿದು, ನಿಂತ ಬೀಜವನ್ನು ಆರಿಸಿ, ಆರಿಸಿದ ಹಾಗೆ ಒದ್ದೆ ಮರಳಿನ ಪೆಟ್ಟಿಗೆಗೆ ಹಾಕಬೇಕು. ಮೇಲೆ ಪಾಪ್ಲರ್ ಮರಗಳ ಕಡೆ ಇನ್ನೂ ಹೊಸ ನೆಲ ಇತ್ತು, ನೆಲ ಹೆಪ್ಪುಗಟ್ಟುವ ಮುಂಚೆ ಅಲ್ಲಿ ಪಾತಿ ಕಟ್ಟಿ ಮತ್ತೆ ಬಿತ್ತಬೇಕು. ನಾನು ಮನೆಯಿಂದ ಹಿಟ್ಟಿನ ಜರಡಿ ತಂದೆ. ಕಣ್ಣು ಸಣ್ಣದು, ಮಣ್ಣೇ ಇಳಿಯಲಿಲ್ಲ. ಚೂ ಅದನ್ನು ಕಿತ್ತುಕೊಂಡು ಬೇರೆ ಜರಡಿ ಕೈಗೆ ಕೊಟ್ಟ. ಐದು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಮಾತಾಡದೆ ಇರುವ ಹಕ್ಕು ಅವನಿಗಿತ್ತು.

ಮೊಣಕಾಲೂರಲು ಆಗದ ನಾನು ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು ಜರಡಿ ಹಿಡಿದೆ. ನಲವತ್ತು ವರ್ಷ ಬೇರು ವಿಂಗಡಿಸಿದ ಕೈ, ಬೀಜ ಯಾವುದು ಕಲ್ಲು ಯಾವುದು ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಎಲ್ಲ ಬೀಜ ಸಿಗಲಿಲ್ಲ. ನಾಲ್ಕರಲ್ಲಿ ಮೂರು ಪಾಲು ಸಿಕ್ಕಿರಬಹುದು.

ಐದನೇ ದಿನ ಮಧ್ಯಾಹ್ನ ಎರಡು ಪಾತಿ ಉಳಿದಿತ್ತು. ಅವರು ಹೊಲದ ಅಂಚಿನಲ್ಲಿ ಚಾಪೆ ಹಾಸಿ ಊಟಕ್ಕೆ ಕೂತರು. ಅಂಟು ಅನ್ನ, ಬೇಯಿಸಿದ ಕೋಳಿ, ಸಾಸಿವೆ ಸೊಪ್ಪು, ಹಸಿಮೆಣಸಿನಕಾಯಿ ಚಟ್ನಿ. ನಾಲ್ಕು ದಿನ ನಾನು ಬಕೆಟ್ಟಿನ ಮೇಲೇ ಕೂತಿದ್ದೆ. ಅವತ್ತೂ ಬ್ಲಿಯಾ ಕೇಳಿದಳು.

"ಹಸಿವಾಯ್ತಾ ಆಂಟಿ?"

"ಇಲ್ಲ."

ಮುದುಕಿ ತಲೆಯೆತ್ತಿ ಏನೋ ಗದರಿದಳು. ಬ್ಲಿಯಾ ತಟ್ಟೆಗೆ ಬಡಿಸತೊಡಗಿದಳು.

"ಇವ್ಳಿಗೆ ಇನ್ನೂ ಹದಿಮೂರು ದಿನ ತುಂಬಿಲ್ಲ, ಇವ್ಳು ಇಲ್ಲ ಅಂದಿದ್ದನ್ನ ನಂಬ್ಕೊಂಡು ಕೆಟ್ಟಿದ್ದು ಸಾಕು, ಬಡಿಸು ಅಂತಾಳೆ."

ತಟ್ಟೆ ನನ್ನ ತೊಡೆಯ ಮೇಲೆ ಬಂತು. ಆಮೇಲೆ ಮುದುಕಿ ತಾನೇ ಇನ್ನೊಂದು ತಟ್ಟೆ ಬಡಿಸಿಕೊಂಡು, ಮೆಲ್ಲಗೆ ಎದ್ದು, ಹನ್ನೊಂದನೇ ಪಾತಿಯ ಹತ್ತಿರ ನಡೆದು, ಆ ಕಲ್ಲುಗಳ ನಡುವೆ ಇಟ್ಟಳು. ಅನ್ನ, ಕೋಳಿ, ಅದರ ಮೇಲೆ ಒಂದು ಚಮಚ ಹಸಿರು ಚಟ್ನಿ. ಹಳ್ಳದ ಕಡೆ ಮುಖ ಮಾಡಿ ಯಾರನ್ನೋ ಊಟಕ್ಕೆ ಕರೆದಳು. ಅವಳ ಭಾಷೆಯಲ್ಲಿ ನನಗೆ ಒಂದೇ ಶಬ್ದ ತಿಳಿಯಿತು, ನಾರ್ಬರ್ಟ್.

"ಆ ಚಟ್ನಿ ತೆಗೀರಿ" ಅಂದೆ. "ಅವನಿಗೆ ಖಾರ ಆಗಲ್ಲ. ರಾತ್ರಿಯೆಲ್ಲ ಹೊಟ್ಟೆ ಹಿಡ್ಕೊಂಡು ಕೂತಿರ್ತಾನೆ."

ಬ್ಲಿಯಾ ಅದನ್ನು ಅವರ ಭಾಷೆಗೆ ತಿರುಗಿಸಿ ಹೇಳಿದಳು. ಮುದುಕಿ ಬಗ್ಗಿ, ಬೆರಳಿನಿಂದ ಚಟ್ನಿಯನ್ನು ಪೂರ್ತಿ ಬಳಿದು ತೆಗೆದು, ತಾನೇ ನೆಕ್ಕಿದಳು. ಆಗ ನನಗೆ ಅಳು ಬಂತು. ಬಕೆಟ್ಟಿನ ಮೇಲೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಅಷ್ಟು ಜನರ ಎದುರು ನಾರ್ಬರ್ಟನಿಗಾಗಿ ಬಾಯಿ ಬಿಟ್ಟು ಅತ್ತೆ. ಯಾರೂ ಸಮಾಧಾನ ಮಾಡಲಿಲ್ಲ, ಯಾರೂ ಊಟ ನಿಲ್ಲಿಸಲಿಲ್ಲ. ಚೂ ನೀರಿನ ಬಾಟಲಿ ನನ್ನ ಕಾಲ ಹತ್ತಿರ ಇಟ್ಟು ಹೋದ. ಅನ್ನ ತಿಂದೆ. ಆಮೇಲೆ ಉಳಿದ ಎರಡು ಪಾತಿಗೆ ಎದ್ದೆವು.